ಬ್ಯಾಟರಿ ಅಕ್ಕ ನೋಡದ ಮೊದಲ ರೀಲು

ನನ್ನ ಅಕ್ಕ ಕತ್ತಲೆಗೆ ಹೆದರಿದ್ದನ್ನು ನಾನು ಮೊದಲು ಕಂಡದ್ದು ಹಾಡಹಗಲಿನಲ್ಲಿ. ಬೀದಿಯಲ್ಲಿ ಕಣ್ಣು ಕುಕ್ಕುವ ಬಿಸಿಲಿತ್ತು. ನಾವಿಬ್ಬರೂ ತರಕಾರಿ ಕೊಂಡು ಅವಳ ಮನೆಗೆ ಬಂದಿದ್ದೆವು. ಬೀದಿಬಾಗಿಲು ದಾಟಿದರೆ ಒಂದು ಇಕ್ಕಟ್ಟಾದ ನಡುವಂಕಣ, ಅದರ ಕೊನೆಯಲ್ಲಿ ಮಹಡಿಗೆ ಹೋಗುವ ಮೆಟ್ಟಿಲು. ನಾನು ಚೀಲ ಹಿಡಿದು ಮುಂದೆ ನಡೆದೆ. ಹಿಂದಿನಿಂದ ಹೆಜ್ಜೆಯ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಅಕ್ಕ ಹೊಸ್ತಿಲಲ್ಲಿಯೇ ನಿಂತಿದ್ದಳು. ಒಂದು ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಆ ಹಿಡಿತಕ್ಕೆ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಇನ್ನೊಂದು ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

“ಏನಕ್ಕ?”

“ಏನಿಲ್ಲ. ಇಲ್ಲಿ ಬಲ್ಬು ಹೋಗಿದೆ. ನಮ್ಮ ಅಳಿಯನಿಗೆ ಹೇಳಿ ಹೇಳಿ ಸಾಕಾಯ್ತು.”

ಬಲ್ಬು ಉರಿಯುತ್ತಿತ್ತು. ನನ್ನ ತಲೆಯ ಮೇಲೆಯೇ ಉರಿಯುತ್ತಿತ್ತು.

ನಾನು ಹಿಂದೆ ಬಂದು ಅವಳ ಮೊಣಕೈ ಹಿಡಿದೆ. ಅವಳು ಕೊಸರಿಕೊಳ್ಳಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ನಮ್ಮ ಅಕ್ಕ ಇನ್ನೊಬ್ಬರ ಕೈ ಹಿಡಿದು ನಡೆದವಳಲ್ಲ. ಜೀವಮಾನವೆಲ್ಲ ಕತ್ತಲೆಯಲ್ಲಿ ಬೇರೆಯವರನ್ನು ನಡೆಸಿದವಳು.

ಅವಳನ್ನು ಪೇಟೆಯವರೆಲ್ಲ ಕರೆಯುವುದು ಬ್ಯಾಟರಿ ಅಕ್ಕ ಎಂದೇ. ಹೆತ್ತವರು ಇಟ್ಟ ಹೆಸರು ಈಗ ನನಗೂ ಅವಳ ಮಗಳಿಗೂ ಬಿಟ್ಟರೆ ಇನ್ನಾರಿಗೂ ನೆನಪಿರಲಾರದು. ದೊಡ್ಡ ಟಾಕೀಸಿಗೆ ಅವಳು ಎಳೆಯ ವಯಸ್ಸಿನಲ್ಲಿ ಸೇರಿದಳು. ಆ ಟಾಕೀಸಿನ ಬಾಗಿಲು ಮುಚ್ಚುವವರೆಗೂ ಅಲ್ಲಿಯೇ ಇದ್ದಳು. ಬಾಗಿಲಲ್ಲಿ ಟಿಕೇಟು ಹರಿಯುವುದು, ಕೈಯಲ್ಲಿ ಬ್ಯಾಟರಿ ಹಿಡಿದು ಜನರನ್ನು ಅವರವರ ಸೀಟಿಗೆ ಮುಟ್ಟಿಸುವುದು, ಸೀಟಿನ ಮೇಲೆ ಕಾಲು ಹಾಕಿದವನನ್ನು ಗದರಿಸುವುದು, ಅಳುವ ಮಗುವನ್ನೂ ಅದರ ತಾಯಿಯನ್ನೂ ಮೆಲ್ಲನೆ ಹೊರಗೆ ಕರೆತರುವುದು, ಇದು ಅವಳ ಕೆಲಸ. ಬೆಳಕನ್ನು ಯಾರ ಮುಖಕ್ಕೂ ಬಿಡುತ್ತಿರಲಿಲ್ಲ. ಕಾಲಿನ ಮುಂದೆ ಒಂದು ತಟ್ಟೆಯಷ್ಟು ಬೆಳಕು. ಅದರ ಹಿಂದೆ ಜನ ನಡೆಯಬೇಕು.

ಆ ಕೆಲಸಕ್ಕೆ ಅದರದೇ ಆದ ಕೆಲವು ಉಪಾಯಗಳಿದ್ದವು. ಬಿಸಿಲಿನಿಂದ ಥಟ್ಟನೆ ಕತ್ತಲೆಗೆ ಹೋದರೆ ಯಾರಿಗಾದರೂ ಕಣ್ಣು ಕಟ್ಟುತ್ತದಲ್ಲವೇ? ಅದಕ್ಕಾಗಿ ಅಕ್ಕ ಬಾಗಿಲ ಬಳಿ ನಿಂತಾಗ ಎಡಗಣ್ಣನ್ನು ಮುಚ್ಚಿಕೊಂಡೇ ಇರುತ್ತಿದ್ದಳು. ಒಳಗೆ ಕಾಲಿಟ್ಟೊಡನೆ ಅದನ್ನು ತೆರೆದು ಬಲಗಣ್ಣು ಮುಚ್ಚುವಳು. ಕತ್ತಲೆಗೆ ಆಗಲೇ ಪಳಗಿದ್ದ ಕಣ್ಣಿಗೆ ದಾರಿ ಕಾಣುತ್ತಿತ್ತು. ಹೊಸಬರು ಅವಳು ಕಣ್ಣು ಹೊಡೆಯುತ್ತಾಳೆಂದು ತಪ್ಪು ತಿಳಿದು ನಾಚಿದ್ದೂ ಉಂಟು, ಬೈಗುಳ ತಿಂದದ್ದೂ ಉಂಟು.

ಇನ್ನೊಂದು ವಿಚಿತ್ರವೆಂದರೆ, ಇಷ್ಟು ವರ್ಷ ಟಾಕೀಸಿನಲ್ಲಿದ್ದರೂ ಯಾವ ಚಿತ್ರದ ಆರಂಭವನ್ನೂ ಅವಳು ನೋಡಿರಲಿಲ್ಲ. ಚಿತ್ರ ಶುರುವಾಗುವ ಹೊತ್ತಿಗೆ ತಡವಾಗಿ ಬಂದವರ ಸಾಲು. ಅವಳ ಮುಖ ಜನರ ಕಡೆ, ಬೆನ್ನು ಪರದೆಯ ಕಡೆ. ಎಲ್ಲರೂ ಕುಳಿತು, ಅವಳು ಗೋಡೆಗೆ ಒರಗಿ ತಲೆ ಎತ್ತುವಾಗ ಮೊದಲ ರೀಲು ಮುಗಿದು ಎರಡನೆಯದು ನಡೆಯುತ್ತಿರುತ್ತಿತ್ತು. “ನಾಯಕ ಹುಟ್ಟೋದನ್ನ ನಾನು ಕಂಡವಳೇ ಅಲ್ಲ. ನನಗೆ ಸಿಗೋ ಹೊತ್ತಿಗೆ ಅವನಿಗೆ ಮೀಸೆ ಬಂದಿರೋದು” ಎಂದು ನಗುವಳು. ಅದರ ನಂತರದ್ದೆಲ್ಲ ಬಾಯಿಪಾಠ. ದಿನಕ್ಕೆ ನಾಲ್ಕಾರು ಬಾರಿ, ವಾರಗಟ್ಟಲೆ ಒಂದೇ ಚಿತ್ರ ನೋಡಿದವಳಿಗೆ ಮಾತು ಮಾತ್ರವಲ್ಲ, ಯಾವ ಗೋಡೆಯ ಮೇಲೆ ಯಾರ ನೆರಳು ಬೀಳುತ್ತದೆ ಎಂಬುದೂ ಗೊತ್ತಿತ್ತು.

ಹೀಗಾಗಿ ಅವಳ ಮನೆಯಲ್ಲಿ ಭಾನುವಾರದ ಮಧ್ಯಾಹ್ನವೆಂದರೆ ಸಿನಿಮಾ ಜಗಳ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಳಿಯ ಸಿಟಿ ಬಸ್ಸಿನ ಡ್ರೈವರು, ಹೊಸ ಚಿತ್ರವೆಂದರೆ ಪ್ರಾಣ. ಊಟ ಮುಗಿಸಿ ಅವನು ಟಿವಿ ಹಾಕಿದನೆಂದರೆ ಅಕ್ಕ ಶುರು ಮಾಡುವಳು.

“ಇದೇನು ಸಿನಿಮಾನಾ, ಇದ್ದಿಲ ಗೋದಾಮಾ? ಯಾರ ಮುಖಾನೂ ಕಾಣಲ್ಲ.”

“ಅತ್ತೆ, ಕತೇಲಿ ದುಃಖ ಇದೆ. ಅದಕ್ಕೇ ಹಾಗೆ ಕತ್ತಲೆ ಇಟ್ಟಿದ್ದಾರೆ.”

“ದುಃಖ ಬಂದ್ರೆ ದೀಪ ಆರಿಸ್ಬೇಕಾ? ನಮ್ಮ ಕಾಲದಲ್ಲಿ ನಾಯಕಿ ಅತ್ರೆ ಒಂದೊಂದು ಹನೀನೂ ಕಾಣೋದು. ಹಿಂದಿನ ಸಾಲಿನೋನಿಗೂ ಕಾಣೋದು.”

“ಕಾಣೋದೇನು ಬಂತು, ಇಡೀ ಬೀದಿಗೆ ಕೇಳೋದು! ನಾಯಕ ಗುಂಡು ತಿಂದ್ಮೇಲೂ ಒಂದು ಹಾಡು ಮುಗಿಸಿ, ಅಮ್ಮನಿಗೆ ಸಮಾಧಾನ ಹೇಳಿ, ತಂಗಿ ಮದುವೆ ಗೊತ್ತು ಮಾಡಿ, ಆಮೇಲೆ ಸಾಯೋನು.”

“ಸಾಯೋದಾದ್ರೂ ಕಾಣ್ತಿತ್ತಲ್ಲ! ಇವನು ಸತ್ತಿದ್ದಾನೋ ನಿದ್ದೆ ಹೊಡೀತಿದ್ದಾನೋ ಅದೇ ಗೊತ್ತಾಗಲ್ಲ.”

“ಮಾವ, ನೀವಾದ್ರೂ ಹೇಳಿ” ಎಂದು ಅಳಿಯ ನನ್ನ ಕಡೆ ತಿರುಗುವನು. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆಯೂ ಅಂಕ ಕೊಡುವ ಹೊಣೆ ನನ್ನ ಮೇಲೆಯೇ. “ಇಬ್ಬರೂ ಪಾಸು, ಇಬ್ಬರಿಗೂ ಬಾಯಿ ಜಾಸ್ತಿ” ಎಂದು ನಾನು ಜಾರಿಕೊಳ್ಳುತ್ತಿದ್ದೆ.

ಹಳೆಯ ಚಿತ್ರ ಬಂದಾಗ ಅಕ್ಕನ ಮುಖವೇ ಬೇರೆ. “ನೋಡು, ಈಗ ಅವಳು ಕೈ ಎತ್ತುತ್ತಾಳೆ, ಉಂಗುರ ಹೇಗೆ ಮಿನುಗುತ್ತೆ ನೋಡು! ಇದಪ್ಪ ಬೆಳಕು ಅಂದ್ರೆ.”

“ಅಮ್ಮ, ಆ ಉಂಗುರ ಇನ್ನೂ ಬಂದೇ ಇಲ್ಲ” ಎಂದು ಮಗಳು ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಆ ನಗೆಯೊಳಗೆ ಏನು ಅಡಗಿತ್ತೆಂದು ಯಾರು ಬಲ್ಲರು? ಹಳೆಯ ಚಿತ್ರಗಳ ಮುಂದೆ ಹೊಸವು ಏನೇನೂ ಅಲ್ಲ ಎನ್ನುವ ವಯಸ್ಸಾದವರು ಯಾವ ಮನೆಯಲ್ಲಿ ಇಲ್ಲ? ಅದಕ್ಕೆ ಸರಿಯಾಗಿ ಹೊಸ ಚಿತ್ರಗಳಲ್ಲಿ ಕತ್ತಲೆಯೂ ತುಸು ಹೆಚ್ಚೇ. ಹಾಗಾಗಿ ಅಕ್ಕನ ದೂರು ಎಲ್ಲರೂ ಆಡುವ ಮಾತುಗಳಲ್ಲಿ ಒಂದಾಗಿ ಸೇರಿಹೋಗಿತ್ತು.

ಆದರೆ ಆ ದಿನ, ಉರಿಯುವ ಬಲ್ಬಿನ ಕೆಳಗೆ ನಿಂತಾಗ, ನನಗೆ ನಮ್ಮ ಅಮ್ಮನ ನೆನಪಾಯಿತು. ಕೊನೆಯ ವರ್ಷಗಳಲ್ಲಿ ಅಮ್ಮನಿಗೆ ಕಣ್ಣು ಪೂರ್ತಿ ಹೋಗಿತ್ತು. ಅವಳು ಗೋಡೆ ಸವರಿಕೊಂಡು ನಡೆಯುತ್ತಿದ್ದಳು. ಅಡುಗೆಮನೆಯಿಂದ ಬಚ್ಚಲವರೆಗೆ, ಬಿಳಿಯ ಸುಣ್ಣದ ಮೇಲೆ, ಅವಳ ಕೈಯ ಎತ್ತರಕ್ಕೆ ಒಂದು ಜಿಡ್ಡುಗಪ್ಪು ಪಟ್ಟೆ ಮೂಡಿತ್ತು. ಪ್ರತಿ ಬಾರಿ ಸುಣ್ಣ ಹೊಡೆಸಿದಾಗಲೂ ಅದು ಮತ್ತೆ ಮೂಡುತ್ತಿತ್ತು. ಅವಳು ಹೋದ ಮೇಲೆ ಅದನ್ನು ಅಳಿಸಲು ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲ.

ಅಕ್ಕನನ್ನು ಮೇಲೆ ಬಿಟ್ಟು ನಾನು ನೀರು ಕುಡಿಯುವ ನೆಪದಲ್ಲಿ ಕೆಳಗೆ ಬಂದೆ. ನಡುವಂಕಣದ ಗೋಡೆಯ ಹತ್ತಿರಕ್ಕೆ ಮುಖ ಒಯ್ದು ನೋಡಿದೆ. ನೋಡದೆ ಹೋಗಬಹುದಾಗಿತ್ತು ಎನ್ನಿಸಿತು. ತಿಳಿಹಳದಿ ಬಣ್ಣದ ಮೇಲೆ, ಮೆಟ್ಟಿಲ ಕಡೆಗೆ, ಮಸುಕಾದ ಪಟ್ಟೆಯೊಂದು ಸಾಗಿತ್ತು.

ಅಂಗಡಿಯಿಂದ ಬಂದ ಮಗಳಿಗೆ ಅದನ್ನು ತೋರಿಸಿದೆ. ಅವಳು ಅದರ ಮೇಲೆ ಬೆರಳಾಡಿಸಿದಳು.

“ನಾನೂ ನೋಡಿದ್ದೀನಿ ಮಾವ. ಮೊನ್ನೆ ಲೋಟದ ಪಕ್ಕಕ್ಕೆ ಬಿಸಿನೀರು ಬಗ್ಗಿಸಿಕೊಂಡಳು. ಡಾಕ್ಟರ ಹತ್ರ ಹೋಗೋಣ ಅಂದ್ರೆ ಮೈಮೇಲೆ ಬರ್ತಾಳೆ. ಅಜ್ಜಿ ಹೆಸರು ಎತ್ತೋ ಹಾಗೇ ಇಲ್ಲ.”

ಆ ದಿನ ನಾನೂ ಹೇಳಿ ನೋಡಿದೆ. ಅಕ್ಕ ಕಿಟಕಿಯ ಬಳಿ ಬೀನ್ಸ್ ಮುರಿಯುತ್ತ ಕುಳಿತಿದ್ದಳು. ಕೈ ಚಕಚಕನೆ ಓಡುತ್ತಿತ್ತು. ಅದನ್ನು ನೋಡಿದರೆ ಯಾರೂ ಏನೂ ಹೇಳುವಂತಿರಲಿಲ್ಲ.

“ನನ್ನ ಕಣ್ಣಿಗೇನಾಗಿದೆಯೋ? ಕತ್ತಲೇಲೇ ಅನ್ನ ಸಂಪಾದಿಸಿದವಳು ನಾನು. ಬಲ್ಬುಗಳು ಕಳಪೆ, ಸಿನಿಮಾ ಕಳಪೆ. ಎಲ್ಲಾ ಕಳಪೆ ಮಾಡಿಟ್ಟು ನನ್ನ ಕಣ್ಣನ್ನ ದೂರ್ತೀರಾ?” ಎಂದಳು. ಅವಳ ದನಿ ಗಟ್ಟಿಯಾಗಿತ್ತು. ಬೀನ್ಸ್ ತುಂಡುಗಳಲ್ಲಿ ಅರ್ಧದಷ್ಟು ಪಾತ್ರೆಯ ಹೊರಗೆ ಬಿದ್ದಿದ್ದವು.

ಇದಾದ ಕೆಲವು ದಿನಕ್ಕೆ ಆಪರೇಟರು ಬಂದರು. ದೊಡ್ಡ ಟಾಕೀಸಿನಲ್ಲಿ ಮಹಡಿಯ ಕೋಣೆಯಿಂದ ಚಿತ್ರ ಬಿಡುತ್ತಿದ್ದವರು ಅವರು, ಅಕ್ಕನಷ್ಟೇ ಹಳಬರು. ಕಿವಿ ಸ್ವಲ್ಪ ಮಂದ, ಹರಟೆ ಚುರುಕು.

“ಏ ಬ್ಯಾಟರಿ, ನಿನ್ನ ಪ್ರಾಣದ ಚಿತ್ರ ಮತ್ತೆ ಬಂದಿದೆ. ಹಳೇ ಪ್ರಿಂಟನ್ನ ತೊಳೆದು, ಗೀರೆಲ್ಲ ತೆಗೆದು, ಹೊಸ ಥಿಯೇಟರಿಗೆ ಬಿಟ್ಟಿದ್ದಾರೆ. ಮ್ಯಾಟಿನಿಗೆ ಹೋಗೋಣ್ವಾ?”

ಅಕ್ಕನ ಮುಖ ಅರಳಿತು. ವರ್ಷವಿಡೀ ಓಡಿದ್ದ ಆ ಚಿತ್ರದ ಅರ್ಧದಷ್ಟು ಮಾತನ್ನು ಅವಳು ಬಟ್ಟೆ ಒಗೆಯುವಾಗಲೂ ಗೊಣಗುವಳು. ಅವಳು ಅಳಿಯನ ಕಡೆ ಬೆರಳು ತೋರಿಸಿದಳು.

“ಅಳಿಯಂದ್ರೇ, ನೀವೂ ಬರ್ಬೇಕು. ಸಿನಿಮಾ ಅಂದ್ರೆ ಏನು ಅಂತ ತೋರಿಸ್ತೀನಿ. ತಮ್ಮ, ನೀನೂ ಕೇಳಿಸ್ಕೋ. ಆ ಚಿತ್ರಾನೂ ನನಗೆ ಕತ್ತಲೆ ಕಂಡ್ರೆ, ಅಲ್ಲಿಂದ ಸೀದಾ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗು. ಕಾಣಿಸ್ತೋ, ಇನ್ನು ಈ ಮನೇಲಿ ಯಾರೂ ನನ್ನ ಕಣ್ಣಿನ ಸುದ್ದಿ ಎತ್ತಬಾರ್ದು. ಒಪ್ಪಿಗೇನಾ?”

ಒಪ್ಪಿದೆವು. ಮಗಳು ಮಾತ್ರ ತನ್ನ ಅಂಗಿಯ ತುದಿಯನ್ನೇ ಹಿಂಡುತ್ತ ಬಾಗಿಲಲ್ಲಿ ನಿಂತಿದ್ದಳು. ಅಂದಿನ ಕೆಲಸ ಬಿಡುವಂತಿರಲಿಲ್ಲವಾಗಿ ಅವಳು ಬರಲಿಲ್ಲ.

ಹೊಸ ಥಿಯೇಟರಿನ ಮೆತ್ತನೆಯ ಸೀಟಿನಲ್ಲಿ, ನಡುವಿನ ಸಾಲಿನಲ್ಲಿ, ನಾವು ನಾಲ್ವರೂ ಕುಳಿತೆವು. ಅಕ್ಕನ ಒಂದು ಪಕ್ಕಕ್ಕೆ ನಾನು, ಇನ್ನೊಂದು ಪಕ್ಕಕ್ಕೆ ಆಪರೇಟರು, ಅವರ ಆಚೆ ಅಳಿಯ. ಅಕ್ಕ ಅಭ್ಯಾಸದಂತೆ ಬ್ಯಾಟರಿಯನ್ನು ಚೀಲದಲ್ಲಿ ಇಟ್ಟುಕೊಂಡೇ ಬಂದಿದ್ದಳು. “ಇವತ್ತು ಮೊದಲ ರೀಲೂ ನೋಡ್ತೀನಿ. ಜನ್ಮದಲ್ಲಿ ಮೊದಲ ಸಲ” ಎಂದು ಮಗುವಿನಂತೆ ಸಡಗರಪಟ್ಟಳು.

ದೀಪಗಳು ಆರಿದವು. ಚಿತ್ರ ಶುರುವಾಯಿತು.

ಪರದೆಯ ಮೇಲೆ ಹೊಳೆಯ ದಂಡೆ. ಒಣಹಾಕಿದ ಬಿಳಿಯ ಬಟ್ಟೆಗಳು ಸಾಲುಸಾಲಾಗಿ ಗಾಳಿಗೆ ಉಬ್ಬುತ್ತಿದ್ದವು. ಬಿಸಿಲು ನೀರಿಗೆ ಬಿದ್ದು, ನೀರಿನಿಂದ ಬಟ್ಟೆಗೆ ಬಿದ್ದು, ಪರದೆಯಿಂದ ನಮ್ಮೆಲ್ಲರ ಮುಖಕ್ಕೆ ಬೀಳುತ್ತಿತ್ತು. ಆ ಬೆಳಕಿನಲ್ಲಿ ಅಳಿಯನ ಮೂಗಿನ ಮೇಲಿನ ಮಚ್ಚೆ ಕೂಡ ನನಗೆ ಕಾಣಿಸಿತು. ಇದು ನಿಜಕ್ಕೂ ದೊಡ್ಡ ಚಿತ್ರವೇ ಸರಿ ಎಂದುಕೊಂಡೆ.

“ಆಪರೇಟ್ರೇ,” ಅಕ್ಕ ಪಿಸುಗುಟ್ಟಿದಳು, “ಮೇಲೆ ಯಾರಿರೋದು? ನಿದ್ದೆ ಹೋಗಿದ್ದಾನೆ.”

“ಏನಂದೆ?”

“ಲೈಟು ಬಿದ್ದುಹೋಗಿದೆ! ಕಡ್ಡಿ ಮುಗಿದಿದೆ, ನೋಡ್ಕೊಂಡಿಲ್ಲ ಅವನು.”

ಆ ಕಾಲದ ಯಂತ್ರದಲ್ಲಿ ಇದ್ದಿಲ ಕಡ್ಡಿಗಳೆರಡು ಉರಿದು ಬೆಳಕು ಕೊಡುತ್ತಿದ್ದವು. ಕಡ್ಡಿ ಸವೆದರೆ ಪರದೆ ಮಂಕಾಗುವುದು. ಆಗ ಕೆಳಗಿನಿಂದ ಬ್ಯಾಟರಿಯನ್ನು ಮಹಡಿಯ ಕಿಂಡಿಗೆ ಬಿಟ್ಟು ಮಿಣಮಿಣ ಮಾಡಿದರೆ ಆಪರೇಟರಿಗೆ ಅದೇ ಸೂಚನೆ. ಅಕ್ಕ ಆ ಕೆಲಸವನ್ನು ಎಷ್ಟು ಬಾರಿ ಮಾಡಿದ್ದಳೋ ಲೆಕ್ಕವಿಲ್ಲ. ಈಗಲೂ ಅದನ್ನೇ ಮಾಡಿದಳು. ನಾನು ಹಿಡಿಯುವುದರೊಳಗೆ ಎದ್ದು ನಿಂತು, ಹಿಂದಕ್ಕೆ ತಿರುಗಿ, ಮೇಲಿನ ಕಿಂಡಿಗೆ ಬ್ಯಾಟರಿ ಬೀಸಿದಳು.

“ಏ ಅಜ್ಜಿ, ಕೂತ್ಕೊಳ್ಳಿ!” ಹಿಂದಿನಿಂದ ಯಾರೋ ಕೂಗಿದರು.

“ಯಾರಮ್ಮ ಅದು, ಸಿನಿಮಾದೋರಿಗೇ ಸಿನಿಮಾ ತೋರಿಸ್ತಿರೋದು?” ಇನ್ನೊಬ್ಬರು. ನಗೆ ಎದ್ದಿತು.

ಆಪರೇಟರು ಅವಳ ಕೈ ಹಿಡಿದು ಕೂರಿಸಿದರು. ಅವರಿಗೆ ನಗೆ ಬಂದಿರಲಿಲ್ಲ.

“ಬ್ಯಾಟರಿ, ಮೇಲೆ ಯಾರೂ ಇಲ್ಲ. ಈಗ ಕಡ್ಡೀನೂ ಇಲ್ಲ, ರೀಲೂ ಇಲ್ಲ, ಎಲ್ಲಾ ಯಂತ್ರಾನೇ. ಬೆಳಕು ಸರಿಯಾಗೇ ಇದೆ.”

“ಸರಿಯಾಗಿದೆಯಾ? ಏನಿದೆ ಪರದೆ ಮೇಲೆ?”

“ಹೊಳೆ ದಂಡೆ. ಬಟ್ಟೆ ಒಣಹಾಕಿದ್ದಾರೆ. ಬಿಸಿಲು.”

“ಬಿಸಿಲಾ?” ಎಂದಳು ಅಕ್ಕ.

ಆ ಒಂದು ಮಾತನ್ನು ಅವಳು ಹೇಳಿದ ರೀತಿಯನ್ನು ನಾನು ಬರೆದು ತಿಳಿಸಲಾರೆ. ಆಮೇಲೆ ಅವಳು ಅಲುಗಾಡಲಿಲ್ಲ. ಎರಡನೆಯ ರೀಲಿನ ಭಾಗ ಬಂದಿತು. ಅವಳಿಗೆ ಗೊತ್ತಿದ್ದ ಮಾತುಗಳು, ಗೊತ್ತಿದ್ದ ಹಾಡು. ಅವಳ ತುಟಿ ತಾನಾಗಿ ಅಲುಗಿತು. ಆದರೆ ಅವಳು ಈಗ ಪರದೆ ನೋಡುತ್ತಿರಲಿಲ್ಲ. ಎಡಗಣ್ಣು ಮುಚ್ಚಿ ಬಲಗಣ್ಣು, ಬಲಗಣ್ಣು ಮುಚ್ಚಿ ಎಡಗಣ್ಣು, ಹಾಗೆ ಬದಲಿಸಿ ಬದಲಿಸಿ ಏನನ್ನೋ ಪರೀಕ್ಷಿಸುತ್ತಿದ್ದಳು. ಟಾಕೀಸಿನ ಬಾಗಿಲಲ್ಲಿ ಅವಳು ಕತ್ತಲೆಗೆಂದೇ ಕಾಪಾಡಿ ಇಡುತ್ತಿದ್ದ ಎಡಗಣ್ಣನ್ನು ತೆರೆದಿಟ್ಟು ಬಲಗಣ್ಣನ್ನು ಅಂಗೈಯಿಂದ ಒತ್ತಿ ಮುಚ್ಚಿದಾಗ, ಅವಳ ಉಸಿರು ಒಮ್ಮೆ ನಿಂತು ಬಂದದ್ದು ನನಗೆ ಕೇಳಿಸಿತು.

ಮಧ್ಯಂತರದಲ್ಲಿ ಹೊರಗೆ ಬಂದೆವು. ಅಳಿಯ ನೀರಿನ ಬಾಟಲಿ ತರಲು ಹೋದ. ಅಕ್ಕ ಕಂಬಕ್ಕೆ ಒರಗಿದಳು.

“ಎಡಗಣ್ಣಲ್ಲಿ ಒಂದು ಕೊಳವೆಯಷ್ಟೇ ಕಾಣುತ್ತೆ. ಸುತ್ತ ಏನೂ ಇಲ್ಲ. ಬಲಗಣ್ಣಲ್ಲೂ ಅಂಚು ಹೋಗಿದೆ” ಎಂದಳು. “ಆದ್ರೆ ಆಪರೇಟ್ರೇ, ಟಿವೀಲಿ ಹಳೇ ಚಿತ್ರ ನನಗೆ ಚೆನ್ನಾಗಿ ಕಾಣೋದು. ಸುಳ್ಳಲ್ಲ.”

“ಸುಳ್ಳು ಅಂತ ಯಾರಂದ್ರು?” ಆಪರೇಟರು ತಮ್ಮ ಕನ್ನಡಕ ಒರೆಸಿಕೊಂಡರು. “ನಮ್ಮ ಕಾಲದ ಬೆಳಕು ಈಗಿನದರ ಅರ್ಧಾನೂ ಇರ್ಲಿಲ್ಲ ಕಣಮ್ಮ. ಪ್ರಿಂಟಿನ ತುಂಬ ಗೀರು, ಮಳೆ ಸುರಿದ ಹಾಗೆ. ನೀನು ಅಂಥದ್ದನ್ನ ನೋಡಿ ನೋಡಿ ತಲೇಲಿ ತುಂಬ್ಕೊಂಡಿದ್ದೀಯ. ಟಿವೀಲಿ ಮಾತು ಕೇಳಿದ ಕೂಡ್ಲೇ ತಲೇಲಿರೋ ಚಿತ್ರ ಓಡೋಕೆ ಶುರು. ಹೊಸ ಚಿತ್ರಕ್ಕೆ ಆ ಭಾಗ್ಯ ಎಲ್ಲಿ? ಅದನ್ನ ಕಣ್ಣಿಂದಲೇ ನೋಡ್ಬೇಕು. ಈ ಮೊದಲ ರೀಲೂ ಹಾಗೇನೇ, ಅದನ್ನ ನೀನು ಯಾವತ್ತೂ ನೋಡಿಲ್ಲವಲ್ಲ.”

ಅಕ್ಕ ನನ್ನ ಕಡೆ ತಿರುಗಿದಳು. ತಮ್ಮ ಎನ್ನಲಿಲ್ಲ, ಚಿಕ್ಕಂದಿನಲ್ಲಿ ಅವಳು ಮಾತ್ರ ಕರೆಯುತ್ತಿದ್ದ ಮುದ್ದಿನ ಹೆಸರಿನಿಂದ ಕರೆದಳು.

“ಪುಟ್ಟ, ನನಗೂ ಅಮ್ಮನ ಹಾಗೇನೋ?”

ಉಳಿದರ್ಧ ಚಿತ್ರಕ್ಕೆ ನಾವು ಒಳಗೆ ಹೋಗಲಿಲ್ಲ. ಮಾತಿನಂತೆ ಅವಳು ಅಲ್ಲಿಂದಲೇ ಕಣ್ಣಾಸ್ಪತ್ರೆಗೆ ಬಂದಳು.

ಆಸ್ಪತ್ರೆಯಲ್ಲಿ ಮೊದಲ ದಿನ ಕಣ್ಣಿನೊಳಗಿನ ಒತ್ತಡ ಅಳೆದರು. ಮರುದಿನ ದೃಷ್ಟಿಯ ಹರವು ಎಷ್ಟೆಂದು ನೋಡುವ ಪರೀಕ್ಷೆ. ಕತ್ತಲೆಯ ಸಣ್ಣ ಕೋಣೆ. ಅರ್ಧ ಸೀಳಿದ ಮಡಕೆಯಂತಿದ್ದ ಯಂತ್ರದ ಬಿಳಿಯ ಗುಡಾಣದೊಳಗೆ ಮುಖವಿಟ್ಟು, ಗದ್ದವನ್ನು ಪಟ್ಟಿಯ ಮೇಲೆ ಊರಿ, ನಟ್ಟ ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಅಲ್ಲೊಂದು ಇಲ್ಲೊಂದು ಚಿಕ್ಕ ಬೆಳಕು ಮಿನುಗುತ್ತದೆ. ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಅಷ್ಟೇ. ಪರೀಕ್ಷೆ ಮಾಡುವಾಕೆ ಒಂದು ಕಣ್ಣಿಗೆ ಬಟ್ಟೆ ಕಟ್ಟಿ ಇದನ್ನೆಲ್ಲ ವಿವರಿಸಿದರು. ನನಗೆ ಮೂಲೆಯಲ್ಲಿ ಸ್ಟೂಲು ಕೊಟ್ಟು, ಉಸಿರು ಸಹ ಮೆಲ್ಲಗೆ ಬಿಡಿ ಎಂದರು.

ಬಲಗಣ್ಣಿನ ಸರದಿಯಲ್ಲಿ ಗುಂಡಿಯ ಟಿಕ್ ಟಿಕ್ ಸದ್ದು ಆಗಾಗ ಕೇಳುತ್ತಿತ್ತು. ನಡುವೆ ಸದ್ದಿಲ್ಲದ ಎಡೆಗಳಿದ್ದವು. ಆದರೂ ನನಗೆ ಧೈರ್ಯ ಬಂದಿತು. ಆಮೇಲೆ ಎಡಗಣ್ಣು. ಯಂತ್ರ ತನ್ನ ಕೆಲಸ ಮಾಡುತ್ತಲೇ ಇತ್ತು. ಬೆಳಕು ಜಾಗ ಬದಲಿಸುವಾಗಲೆಲ್ಲ ಅದರ ಒಳಗಿನಿಂದ ಗಿರ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಗುಂಡಿಯ ಸದ್ದಿಲ್ಲ. ಮತ್ತೆ ಗಿರ್. ಗುಂಡಿಯ ಸದ್ದಿಲ್ಲ. ಅಕ್ಕನ ಹೆಬ್ಬೆರಳು ಗುಂಡಿಯ ಮೇಲೆ ಸಿದ್ಧವಾಗಿ ಕುಳಿತಿತ್ತು. ಬೆಳಕು ಬರುತ್ತಿದೆ, ಹೋಗುತ್ತಿದೆ, ಅವಳಿಗೆ ಗೊತ್ತಿಲ್ಲ. ಒತ್ತು ಅಕ್ಕ, ಒತ್ತು ಎಂದು ನನ್ನ ಬಾಯಿಗೆ ಬಂದಿತ್ತು. ಪರೀಕ್ಷೆಯ ಕೊಠಡಿಗಳಲ್ಲಿ ಎಷ್ಟೋ ಮಕ್ಕಳ ನಡುವೆ ಓಡಾಡಿದ್ದೇನೆ. ಯಾರಿಗಾದರೂ ಉತ್ತರ ಹೇಳಿಕೊಟ್ಟುಬಿಡಬೇಕೆಂದು ಅಷ್ಟು ತೀವ್ರವಾಗಿ ಅನ್ನಿಸಿದ್ದು ಅಂದೇ. ಹೇಳಿಕೊಡಲು ನನಗೂ ಉತ್ತರ ಕಾಣುತ್ತಿರಲಿಲ್ಲ.

“ಶುರು ಮಾಡಿದ್ದೀರಾಮ್ಮ?” ಎಂದು ಅಕ್ಕ ಗುಡಾಣದೊಳಗಿನಿಂದ ಕೇಳಿದಳು.

“ಮುಗೀತಾ ಬಂತು ಅಜ್ಜಿ” ಎಂದರು ಆಕೆ.

ಡಾಕ್ಟರು ಮೃದುವಾಗಿ ಮಾತಾಡುವ ಹೆಂಗಸು. ಕಣ್ಣಿನ ಒತ್ತಡ ಹೆಚ್ಚಾಗಿ ಒಳಗಿನ ನರ ಸವೆದಿದೆ, ಗ್ಲಾಕೋಮಾ ಎನ್ನುತ್ತಾರೆ, ಇದು ನೋವಿಲ್ಲದೆ ಅಂಚಿನಿಂದ ಕದ್ದುಕೊಂಡು ಬರುತ್ತದೆ, ಮನೆತನದಲ್ಲಿ ಇಳಿದು ಬರುವುದೂ ಉಂಟು ಎಂದರು. ನನ್ನ ಕಣ್ಣನ್ನೂ ಅಲ್ಲಿಯೇ ನೋಡಿದರು. ಸದ್ಯಕ್ಕೆ ಏನೂ ಇಲ್ಲವೆಂದರು. ಆ ಮಾತಿಗೆ ಸಂತೋಷಪಡಲು ನನ್ನಿಂದ ಆಗಲಿಲ್ಲ. ಅಕ್ಕನ ಮಗಳನ್ನೂ ಕರೆತರಲು ಹೇಳಿದರು.

“ಹೋಗಿರೋದು ಬರುತ್ತಾ?” ಅಕ್ಕ ಕೇಳಿದಳು.

“ಇಲ್ಲಮ್ಮ.”

“ಇರೋದು ಉಳಿಯುತ್ತಾ?”

“ಹನಿ ಔಷಧಿ ಒಂದು ದಿನಾನೂ ತಪ್ಪಿಸದೆ ಹಾಕ್ಕೊಂಡು, ಕರೆದಾಗೆಲ್ಲ ಬಂದ್ರೆ, ಉಳಿಸೋಕೆ ನೋಡ್ತೀವಿ. ಮಾತು ಕೊಡೋಕಾಗಲ್ಲ.”

ಅಕ್ಕ ತಲೆಯಾಡಿಸಿದಳು. ಮೆಟ್ಟಿಲಿಳಿಯುವಾಗ ತಾನಾಗಿಯೇ ನನ್ನ ಕೈ ಹಿಡಿದಳು.

ಆಮೇಲಿನ ದಿನಗಳು ಆ ಮನೆಯಲ್ಲಿ ಒಳ್ಳೆಯವಾಗಿರಲಿಲ್ಲ. ಮಗಳು ಹೊತ್ತು ಹೊತ್ತಿಗೆ ಹನಿ ಹಾಕುತ್ತಿದ್ದಳು. ಅಕ್ಕ ಬೆಳಗ್ಗೆ ಎದ್ದವಳೇ ಕಣ್ಣು ತೆರೆಯುತ್ತಿರಲಿಲ್ಲವಂತೆ. ಕಿಟಕಿಯ ಕಡೆ ಮುಖ ಮಾಡಿ ಕುಳಿತು, ತುಂಬ ಹೊತ್ತಿನ ಮೇಲೆ ಮೆಲ್ಲಗೆ ರೆಪ್ಪೆ ಎತ್ತುವಳು. ಕಿಟಕಿಯ ನಾಲ್ಕು ಮೂಲೆ ಕಂಡರೆ ಎದ್ದು ಮುಖ ತೊಳೆಯುವಳು. ಒಂದು ದಿನ ಮೋಡ ಕವಿದು ಕಿಟಕಿ ಮಂಕಾಗಿತ್ತು. ಅವಳು ಚೀರಿದ್ದಕ್ಕೆ ಅಳಿಯ ಸ್ನಾನದ ಮನೆಯಿಂದ ಮೈಮೇಲಿನ ನೊರೆಯೊಡನೆ ಓಡಿಬಂದನಂತೆ. ಟಿವಿಯ ಮುಂದೆ ಕೂರುವುದನ್ನು ಬಿಟ್ಟಳು. ಹಳೆಯ ಚಿತ್ರ ಬಂದರೂ ಬೇಡ. “ಅದು ಕಣ್ಣಿಗೆ ಕಾಣ್ತಿದೆಯೋ ತಲೇಲಿ ಓಡ್ತಿದೆಯೋ ಗೊತ್ತಾಗಲ್ಲ. ಭಯ ಆಗುತ್ತೆ” ಎನ್ನುವಳು.

ಒಂದು ಸಂಜೆ ಅಳಿಯ ಬಸ್ಸು ನಿಲ್ಲಿಸಿ, ಖಾಕಿ ಅಂಗಿಯಲ್ಲಿಯೇ ನನ್ನ ಮನೆಗೆ ಬಂದ.

“ಮಾವ, ಅತ್ತೆ ಬೈತಾನೇ ಇಲ್ಲ.”

“ಒಳ್ಳೇದಾಯ್ತಲ್ಲಪ್ಪ.”

“ತಮಾಷೆ ಅಲ್ಲ ಮಾವ. ನಿನ್ನೆ ಬೇಕು ಅಂತಲೇ ಒಂದು ಹೊಸ ಸಿನಿಮಾ ಹಾಕ್ದೆ. ತೀರಾ ಕೆಟ್ಟದ್ದು, ನನಗೇ ನೋಡೋಕಾಗ್ಲಿಲ್ಲ. ‘ಹೇಗಿದೆ ಅತ್ತೆ’ ಅಂದೆ. ‘ನಿಮಗೆ ಹೇಗೆ ಕಾಣುತ್ತೋ ಹಾಗೇ ಇರ್ಬೇಕು ಬಿಡಿ’ ಅಂದ್ರು. ನನಗೆ ಕೈಕಾಲೇ ಆಡ್ಲಿಲ್ಲ.”

ನಾನು ಹೋಗಿ ಅಕ್ಕನ ಪಕ್ಕ ಕುಳಿತೆ. ಬಿಡಿಸಿ ಕೇಳಿದ ಮೇಲೆ ಹೇಳಿದಳು.

“ನನ್ನ ಕಣ್ಣಿನ ತಪ್ಪಿಗೆ ಕಂಡವರ ಸಿನಿಮಾನೆಲ್ಲ ಬೈದೆನಲ್ಲೋ. ಇನ್ನು ಯಾವ ಬಾಯಲ್ಲಿ ಇದು ಚೆನ್ನಾಗಿದೆ, ಅದು ಚೆನ್ನಾಗಿಲ್ಲ ಅನ್ನಲಿ? ಹಳೇದೇ ಚೆನ್ನ ಅಂತಿದ್ದೆ. ಅದೂ ನಿಜಾನೋ ಸುಳ್ಳೋ, ಯಾರಿಗೆ ಗೊತ್ತು? ಕಣ್ಣು ಹೋದ್ರೆ ಹೋಗ್ಲಿ ಅಂತ ಒಂದೊಂದ್ಸಲ ಧೈರ್ಯ ತಂದ್ಕೋತೀನಿ. ಆದ್ರೆ ಕಾಣದೇನೇ ಕಂಡೆ ಅಂತ ಮಾತಾಡಿದ್ದೆ ನೋಡು, ಅದು ನೆನೆಸ್ಕೊಂಡ್ರೆ ಎದೆ ಝಲ್ ಅನ್ನುತ್ತೆ. ಇನ್ನೂ ಏನೇನು ಹಾಗೆ ಕಂಡಿದ್ದೀನೋ.”

ಇದಕ್ಕೆ ನಾನು ಕೊಡುವ ಸಮಾಧಾನ ಯಾವುದೂ ಸಾಲದೆಂದು ನನಗೇ ತಿಳಿದಿತ್ತು. ಉಳಿದ ಕಣ್ಣಿನಿಂದ ಒಂದು ಹೊಸ ಚಿತ್ರವನ್ನು ಪೂರ್ತಿ ನೋಡು, ಆಮೇಲೆ ಹೇಳು ಎಂದೆ. ಬರುವುದಿಲ್ಲವೆಂದಳು. ಅಳಿಯ ಕಾಲಿಗೆ ಬೀಳುವುದೊಂದು ಬಾಕಿ. ಕೊನೆಗೆ ಮಗಳು, “ಅಮ್ಮ, ಹೆದರಿಕೆ ನನಗೂ ಇದೆ. ನನ್ನನ್ನೂ ಆ ಗುಡಾಣದ ಮುಂದೆ ಕೂರಿಸಿದ್ರಲ್ಲ. ನೀನು ಮೂಲೆ ಹಿಡಿದು ಕೂತ್ರೆ ನಾನು ಯಾರನ್ನ ನೋಡಿ ಧೈರ್ಯ ತಗೊಳ್ಲಿ?” ಎಂದಳು. ಮಗಳ ಕಣ್ಣಿನಲ್ಲಿ ದೋಷ ಸಿಕ್ಕಿರಲಿಲ್ಲ. ಆದರೂ ಆ ಮಾತು ನಾಟಿತು. ಅಕ್ಕ ಎದ್ದು ತಲೆ ಬಾಚಿಕೊಂಡಳು.

ಹೊಸ ಚಿತ್ರಕ್ಕೆ ಅವಳೊಡನೆ ನಾನೂ ಅಳಿಯನೂ ಹೋದೆವು. ಥಿಯೇಟರಿನಲ್ಲಿ ಅವಳು ನಡುವಿನ ಸಾಲಿಗೆ ಒಪ್ಪಲಿಲ್ಲ. ಹಿಂದೆ ಹಿಂದೆ ಸರಿಯುತ್ತ ಹೋದಳು. ಕಟ್ಟಕಡೆಯ ಸಾಲು, ಗೋಡೆಗೆ ಹೊಂದಿದ ಸೀಟು. ಅಲ್ಲಿ ಕುಳಿತು ಪರದೆಯ ಕಡೆ ನೋಡಿ, “ಇಲ್ಲಿಂದ ನಾಲ್ಕು ಅಂಚೂ ಸಿಗುತ್ತೆ” ಎಂದಳು. “ಈ ಸಾಲಲ್ಲಿ ಕೂರೋರಿಗೆ ಸಿನಿಮಾ ಬೇಕಿಲ್ಲ, ಗೋಡೆ ಬೇಕು ಅಂತ ನಗ್ತಿದ್ದೆ. ಈಗ ನಾನೇ ಬಂದೆ.” ನಗಲು ನೋಡಿದಳು. ಅವಳ ಕೈ ನನ್ನ ಮಣಿಕಟ್ಟಿನ ಮೇಲಿತ್ತು, ತಣ್ಣಗಿತ್ತು.

ಚಿತ್ರ ತನ್ನ ಪಾಡಿಗೆ ನಡೆಯಿತು. ಒಬ್ಬ ತಂದೆ, ಮಾತು ಬಿಟ್ಟ ಮಗಳು, ಅವರು ಮಾರಬೇಕೆಂದಿರುವ ಮನೆ. ಬೆಳಕಿನ ದೃಶ್ಯಗಳ ಉದ್ದಕ್ಕೂ ಅಕ್ಕ ಕತ್ತು ಮುಂದೆ ಚಾಚಿ ನೋಡಿದಳು. “ಆ ಹುಡುಗಿ ಚೆನ್ನಾಗಿ ಮಾಡ್ತಾಳೆ. ಸುಮ್ನೆ ಕೂತಿದ್ರೂ ಗೊತ್ತಾಗುತ್ತೆ” ಎಂದು ಒಮ್ಮೆ ಪಿಸುಗುಟ್ಟಿದಳು. ಅಳಿಯ ಆಚೆಯಿಂದ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಪರದೆ ಕಪ್ಪಾದಾಗಲೆಲ್ಲ ಮಾತ್ರ ಅವಳ ಬೆರಳು ಬಿಗಿಯುತ್ತಿದ್ದವು.

“ಇದು ಚಿತ್ರದ್ದಾ, ನನ್ನದಾ?”

“ಚಿತ್ರದ್ದು ಅಕ್ಕ.”

ಮತ್ತೆ ಬೆಳಕು. ಮತ್ತೆ ಸ್ವಲ್ಪ ಹೊತ್ತಿಗೆ ಕತ್ತಲೆ. “ಇದು?” “ಇದೂ ಚಿತ್ರದ್ದೇ.” ಹೀಗೆಯೇ ಸಾಗಿ, ಕೊನೆಗೆ ತಂದೆ ಆ ಮನೆಯ ನೆಲಮಾಳಿಗೆಗೆ ಇಳಿಯುವ ದೃಶ್ಯ ಬಂದಿತು. ಅವನ ಕೈಯ ದೀಪ ಆರಿತು. ಪರದೆಯಲ್ಲಿ ಏನೂ ಉಳಿಯಲಿಲ್ಲ. ಹೆಜ್ಜೆಯ ಸದ್ದು, ಉಸಿರಿನ ಸದ್ದು, ಅಷ್ಟೇ. ಥಿಯೇಟರು ನಿಶ್ಶಬ್ದ. ಆ ಕತ್ತಲೆ ಮುಗಿಯುವ ಹಾಗೆಯೇ ಕಾಣಲಿಲ್ಲ. ಅಕ್ಕನ ಉಗುರು ನನ್ನ ಚರ್ಮದೊಳಗೆ ಇಳಿಯಿತು.

“ಪುಟ್ಟ.”

“ಚಿತ್ರದ್ದೇ ಅಕ್ಕ.”

“ನನ್ನ ಸಮಾಧಾನಕ್ಕೆ ಹೇಳ್ಬೇಡ. ನಿಜ ಹೇಳು. ನಿನಗೆ ಏನು ಕಾಣ್ತಿದೆ?”

“ಏನೂ ಕಾಣ್ತಿಲ್ಲ.”

“ಏನೂ?”

“ದೇವರಾಣೆ ಅಕ್ಕ, ಏನೂ ಇಲ್ಲ.”

“ನನಗೂ ಇಲ್ಲ ಅತ್ತೆ” ಎಂದ ಅಳಿಯ. “ಬಸ್ಸು ಓಡಿಸೋ ಕಣ್ಣು ನಂದು. ಆದ್ರೂ ಇಲ್ಲ.”

ಅವಳು ಒಂದು ದೀರ್ಘವಾದ ಉಸಿರು ಬಿಟ್ಟಳು. ಅದು ಅಳುವಿನ ಹಾಗೂ ಕೇಳಿಸಿತು.

“ಹಾಗಾದ್ರೆ ಈ ಜಾಗದಲ್ಲಿ ಇವನಿಗೆ ಸಿನಿಮಾ ತೆಗೆಯೋಕೆ ಬಂದಿಲ್ಲ” ಎಂದಳು, ಪಿಸುಗುಟ್ಟುವುದನ್ನು ಮರೆತು. “ಇಷ್ಟು ಹೊತ್ತು ಯಾರಾದ್ರೂ ಮನುಷ್ಯರನ್ನ ಕತ್ತಲೇಲಿ ಕೂರಿಸ್ತಾರಾ?”

ಮುಂದಿನ ಸಾಲಿನಿಂದ ಯಾರೋ ಶ್ ಎಂದರು. ಅಳಿಯ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ಆ ಕತ್ತಲೆಯಲ್ಲಿ ತಿಳಿಯಲಿಲ್ಲ. ಪರದೆಯ ಮೇಲೆ ಬೆಳಕು ಬರುವವರೆಗೂ ಅಕ್ಕ ನನ್ನ ಮಣಿಕಟ್ಟನ್ನು ಬಿಡಲಿಲ್ಲ.